ಮತ್ತೂರಿನ ದಾರಿ, ಮೆಕ್ಸಿಕೋದ ದಾರಿ

ಆಯುಧಪೂಜೆ ಹತ್ತಿರ ಬಂತೆಂದರೆ ಶಿವಮೊಗ್ಗದ ಗಾಂಧಿ ಬಜಾರ್ ಚೆಂಡುಹೂವಿನಿಂದ ಹಳದಿಯಾಗುತ್ತದೆ. ಮಾರಿಗೆ ಎಷ್ಟು ಎಂದು ಚೌಕಾಸಿ ನಡೆಯುವಾಗ ಆ ಹೂ ಮೂಲತಃ ಮೆಕ್ಸಿಕೋ ದೇಶದ್ದೆಂಬುದು ಯಾರಿಗೂ ನೆನಪಾಗುವುದಿಲ್ಲ. ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ ಕೂಡ ಆ ಕಡೆಯಿಂದಲೇ ಬಂದವು. ಪರಂಗಿ ಹಣ್ಣು ಮಾತ್ರ ತಾನು ಪರಂಗಿಯವರ ಜೊತೆ ಬಂದೆನೆಂದು ಹೆಸರಿನಲ್ಲೇ ಒಪ್ಪಿಕೊಂಡಿದೆ.

ಆ ಮೆಕ್ಸಿಕೋದಲ್ಲಿ ಬಹುಪಾಲು ಜನ ಆಡುವ ಸ್ಪ್ಯಾನಿಷ್ ಭಾಷೆಯನ್ನು ಕಲಿಯಬೇಕೆಂಬ ಆಸೆ ಈಗ ಮಲೆನಾಡಿನ ಮಕ್ಕಳಿಗೂ ಹುಟ್ಟಿದೆ. ಉದ್ಯೋಗಕ್ಕೆ ಅನುಕೂಲ ಎಂಬುದು ಒಂದು ಕಾರಣ. ಪಾಲಕರ ಮೊದಲ ಪ್ರಶ್ನೆ, ‘ಎಷ್ಟು ತಿಂಗಳ ಕೋರ್ಸು, ಎಷ್ಟು ಫೀಸು?’ ಎಲ್ಲಿ, ಯಾರ ಮನೆಯಲ್ಲಿ ಕಲಿಯುವುದು ಎಂದು ಕೇಳುವವರು ವಿರಳ. ಭಾಷೆಯ ವಿಷಯದಲ್ಲಿ ಕೇಳಬೇಕಾದದ್ದು ಅದೇ.

ಒಂದು ಸಣ್ಣ ಉದಾಹರಣೆ. ಪುಸ್ತಕದಲ್ಲಿ ಟೊಮೆಟೊಗೆ ‘ತೊಮಾತೆ’ ಎಂದಿರುತ್ತದೆ. ಮೆಕ್ಸಿಕೋ ನಗರದ ಸಂತೆಯಲ್ಲಿ ‘ತೊಮಾತೆ’ ಕೇಳಿದರೆ ಒಣ ಸಿಪ್ಪೆಯೊಳಗೆ ಕೂತ ಹುಳಿ ಹಸಿರು ಕಾಯಿ ಕೈಗೆ ಬಂದೀತು. ಕೆಂಪು ಹಣ್ಣಿಗೆ ಅಲ್ಲಿ ‘ಹಿತೊಮಾತೆ’ ಎನ್ನಬೇಕು. ಎರಡೂ ಅಲ್ಲಿನ ಹಳೆಯ ನಾವಾತ್ಲ್ ಭಾಷೆಯಿಂದ ಬಂದ ಪದಗಳು. ಸಾರಿಗೆ ತಪ್ಪು ಕಾಯಿ ತಂದ ಹುಡುಗ ಈ ವ್ಯತ್ಯಾಸವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಹಿರಿಯರು ಹೇಳಿದ್ದು ಕೇಳಿಸದಿದ್ದರೆ ‘ಕೆ?’ ಎನ್ನಬಾರದು, ‘ಮಾಂದೆ?’ ಎನ್ನಬೇಕು ಎಂದು ಮೆಕ್ಸಿಕೋದ ತಾಯಂದಿರು ಮಕ್ಕಳಿಗೆ ತಿದ್ದುತ್ತಾರೆ. ‘ಏನು?’ ಎನ್ನಬೇಡ, ‘ಏನಂದ್ರಿ?’ ಅನ್ನು ಎಂದು ನಮ್ಮ ಅಜ್ಜಿಯರು ತಿದ್ದುವಂತೆ. ‘ಅಓರೀತ’ ಎಂದರೆ ನಿಘಂಟಿನ ಪ್ರಕಾರ ‘ಈಗಲೇ’. ಬಳಕೆಯಲ್ಲಿ ಅದು ಐದು ನಿಮಿಷವೂ ಆಗಬಹುದು, ಸಂಜೆಯೂ ಆಗಬಹುದು. ‘ಇನ್ನೇನು ಆಯ್ತು ಸಾರ್, ಗುಂಡಿ ಹಾಕೋದೊಂದೇ ಬಾಕಿ’ ಎನ್ನುವ ದರ್ಜಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಮಕ್ಕಳಿಗೆ ಈ ಭಾಷೆಯಲ್ಲಿ ಕೆಲವು ಅನುಕೂಲಗಳೂ ಇವೆ. ‘ನೀನು’ ಮತ್ತು ‘ನೀವು’ ಇದ್ದಂತೆ ಅಲ್ಲಿ ‘ತು’ ಮತ್ತು ‘ಉಸ್ತೆದ್’ ಇವೆ. ‘ನಾನು’ ಎನ್ನದೆಯೇ ‘ಬಂದೆ’ ಎಂದರೆ ಸಾಕಾಗುವಂತೆ ಅಲ್ಲಿಯೂ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ. ನವೆಂಬರ್ 1 ಮತ್ತು 2ರಂದು ಮನೆಯಲ್ಲಿ ತೀರಿಹೋದವರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ಚೆಂಡುಹೂ ಹರಡುತ್ತಾರೆ. ಆ ಏರ್ಪಾಟಿಗೆ ‘ಒಫ್ರೆಂದಾ’ ಎಂದು ಹೆಸರು. ಇಂಗ್ಲಿಷ್ ಮೂಲಕ ಅರ್ಥ ಹುಡುಕುವವನಿಗೆ ಅದು ಬರೀ ‘ಅರ್ಪಣೆ’. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಟ್ಟ ಮನೆಯ ಹುಡುಗಿಗೆ ಅದು ‘ಎಡೆ’. ಈ 2 ಪದಗಳ ನಡುವಿನ ದಾರಿಗೆ ಇಂಗ್ಲಿಷಿನ ಸೇತುವೆ ಬೇಕಾಗಿಲ್ಲ.

ಹೀಗೆ ಬಾಳಿ ಕಲಿಯುವುದು ಹೊರದೇಶದ ಸಂಗತಿಯೇನಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಭದ್ರಾವತಿಗೆ ತಮಿಳು, ತೆಲುಗು, ಮಲಯಾಳ ಆಡುವ ಕುಟುಂಬಗಳು ಬಂದು ನೆಲೆಸಿದವು. ಕ್ವಾರ್ಟರ್ಸಿನ ಮಕ್ಕಳು ಗೋಲಿ ಆಡುತ್ತಲೇ ಪಕ್ಕದ ಮನೆಯ ಭಾಷೆ ಕಲಿತರು. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ.

ಇನ್ನೂ ಹೇಳಬೇಕಾದದ್ದು ಮತ್ತೂರಿನ ಮಾತು. ಶಿವಮೊಗ್ಗದಿಂದ ಸುಮಾರು 8 ಕಿಲೋಮೀಟರ್ ದೂರ, ತುಂಗೆಯ ದಡದ ಊರು. 1980ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ಸಂಭಾಷಣಾ ಶಿಬಿರದ ಬಳಿಕ ಅದಕ್ಕೆ ಸಂಸ್ಕೃತ ಗ್ರಾಮ ಎಂಬ ಹೆಸರು ಬಂತು. 10 ದಿನಗಳ ಈ ಶಿಬಿರಗಳ ಕ್ರಮ ಸರಳ: ಅನುವಾದ ಮಾಡುವುದಿಲ್ಲ, ವಸ್ತು ತೋರಿಸಿ ಹೆಸರು ಹೇಳುತ್ತಾರೆ. ‘ಮಮ ನಾಮ’ ಎಂದು ತಡವರಿಸಿಯಾದರೂ ಬಾಯಿ ಬಿಡಿಸುತ್ತಾರೆ, ವ್ಯಾಕರಣ ಆಮೇಲೆ. ದೂರದೂರದಿಂದ ಬಂದು ಊರಲ್ಲಿ ಉಳಿದು ಕಲಿತು ಹೋದವರಿದ್ದಾರೆ.

ಇದೇ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, 125ಕ್ಕೆ 120 ದಾಟಿ, ಒಂದು ಲೋಟ ನೀರು ಕೇಳಲಾರದ ಮಕ್ಕಳೂ ಇದ್ದಾರೆ. ತಪ್ಪು ಅವರದಲ್ಲ. ಅಂಕಕ್ಕಾಗಿ ಕೊಡಿಸಿದ ಭಾಷೆ ಅಂಕ ಕೊಟ್ಟು ಹೋಯಿತು. ಸ್ಪ್ಯಾನಿಷ್ ಕ್ಲಾಸಿಗೆ ಸಾವಿರಗಟ್ಟಲೆ ಕಟ್ಟುವ ಪಾಲಕರು ಇದನ್ನೊಮ್ಮೆ ನೆನೆಯಬೇಕು. ಮಗಳು ಮೂರು ಹಂತ ಪಾಸಾಗಿ, ಸ್ಪ್ಯಾನಿಷ್ ಆಡುವವರು ಎದುರು ಬಂದಾಗ ತಪ್ಪಾದೀತೆಂದು ಬಾಯಿ ಮುಚ್ಚಿಕೊಂಡರೆ ಹೋದದ್ದು ಹಣ ಮಾತ್ರವಲ್ಲ, ಆ ವಯಸ್ಸಿನ ಧೈರ್ಯವೂ ಹೋಯಿತು.

ಹಾಗೆಂದು ಮತ್ತೂರಿನ ಬಗ್ಗೆ ಉತ್ಪ್ರೇಕ್ಷೆ ಬೇಡ. ಊರಿಗೆ ಊರೇ ದಿನವಿಡೀ ಸಂಸ್ಕೃತದಲ್ಲೇ ಮಾತಾಡುತ್ತದೆ ಎಂದು ನಂಬಿ ಹೋದವರಿಗೆ ನಿರಾಸೆಯಾದೀತು. ಅಲ್ಲಿನ ಸಂಕೇತಿ ಮನೆಗಳಲ್ಲಿ ಸಂಕೇತಿ ನುಡಿಯಿದೆ, ಬೀದಿಯಲ್ಲಿ ಕನ್ನಡವಿದೆ. ಕಲಿಯಲು ಹೋದವನು ಒಂದು ಪದ ಸಿಗದ ಕೂಡಲೇ ಕನ್ನಡಕ್ಕೆ ಜಾರಬಹುದು. ಎದುರಿನವರು ಅರ್ಥವಾಗದಂತೆ ನಟಿಸಲಾರರು. ಹಟ ಹಿಡಿದು ಜಾರದೆ ಉಳಿದವನಿಗೆ ಮಾತ್ರ ಅಲ್ಲಿ ಭಾಷೆ ಬರುತ್ತದೆ.

ಮೆಕ್ಸಿಕೋದಲ್ಲಿ ಜಾರುವ ದಾರಿ ಇಂಗ್ಲಿಷ್. ಕಾನ್‌ಕೂನಿನಂಥ ಪ್ರವಾಸಿ ತೀರಕ್ಕೆ ಹೋದರೆ ಇಂಗ್ಲಿಷಿನಲ್ಲೇ ಊಟ, ಇಂಗ್ಲಿಷಿನಲ್ಲೇ ಜಗಳ. ನಾಲ್ಕು ಜನ ಭಾರತೀಯರು ಸೇರಿ ಒಂದು ರೂಮು ಮಾಡಿಕೊಂಡರಂತೂ ಮುಗಿಯಿತು. ಒವಾಹಾಕಾ, ಗುವಾನಾಹುವಾತೊ, ಕ್ವೆರ್ನಾವಾಕಾ ನಗರಗಳಲ್ಲಿ ಭಾಷಾ ಶಾಲೆಗಳು ವಿದ್ಯಾರ್ಥಿಗಳನ್ನು ಕುಟುಂಬಗಳ ಜೊತೆ ಇರಿಸುವ ಪದ್ಧತಿಯಿದೆ. ಖರ್ಚು ಕಡಿಮೆಯಲ್ಲ, ವಿಮಾನದ ದರವೇ ದೊಡ್ಡದು. ಆದ್ದರಿಂದ ಹೊರಡುವ ಮುನ್ನ ಇಲ್ಲಿಯೇ ಆರು ತಿಂಗಳು ಕೇಳಿ, ಗಟ್ಟಿಯಾಗಿ ಓದಿ, ನೂರಿನ್ನೂರು ಮನೆಮಾತು ಬಾಯಿಗೆ ಬರಿಸಿಕೊಂಡಿದ್ದರೆ ಅಲ್ಲಿನ ಒಂದೊಂದು ದಿನವೂ ಕೆಲಸಕ್ಕೆ ಬರುತ್ತದೆ. ಇನ್ನು, ಉಳಿಯುವ ಮನೆ ಆರಿಸುವಾಗ ರೂಮಿನ ಅಳತೆ ಕೇಳುವ ಮೊದಲು ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಪತ್ರ ಬರೆದು ವಿಚಾರಿಸಬೇಕು. ಇದ್ದಾರೆಂದು ಉತ್ತರ ಬಂದರೆ ಬೇರೆ ಮನೆ ನೋಡುವುದು ಮೇಲು.