ಹೋಟೆಲ್ ಹೆಸರು ಗೊತ್ತಿಲ್ಲ, ರೇಟು ಮಾತ್ರ ನಮ್ಮದು!

ಹೋದ ವಾರ ಊಟದ ಹೊತ್ತಿನಲ್ಲಿ ನಮ್ಮ ಟೀಮಿನ ಸಹೋದ್ಯೋಗಿಯೊಬ್ಬರು ಫೋನನ್ನು ನನ್ನ ಮುಂದೆ ಹಿಡಿದರು. ಮೈಸೂರಿನ ಒಂದು ಹೋಟೆಲ್. ಒಂದೇ ರೂಮು, ಎರಡು ರೇಟು. ಒಂದು 4,200 ರೂಪಾಯಿ, ಇನ್ನೊಂದು 3,400. ಕಡಿಮೆ ರೇಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ನಾನ್ ರಿಫಂಡಬಲ್’ ಅಂತ ಬರೆದಿತ್ತು.

“ಯಾವುದು ಬುಕ್ ಮಾಡ್ಲಿ? ಅಮೆರಿಕದಲ್ಲಿದ್ದಾಗ ಹೋಟೆಲ್ ರೇಟಿನಲ್ಲಿ ನೀವು ದೊಡ್ಡ ಎಕ್ಸ್‌ಪರ್ಟ್ ಆಗಿದ್ರಂತೆ?”

“ಯಾರ್ಯಾರು ಹೋಗ್ತಿದ್ದೀರಿ?” ಅಂದೆ.

“ರೇಟು ಕೇಳಿದ್ರೆ ಜನರ ಲೆಕ್ಕ ಕೇಳ್ತೀರಲ್ಲ!” ಅಂತ ನಕ್ಕರು.

ಈ ಪ್ರಶ್ನೆಯನ್ನು ಮೊದಲು ಕೇಳಬೇಕು ಅನ್ನೋದನ್ನ ನಾನು ಕಲಿತದ್ದು ಶಿಕಾಗೋದಲ್ಲಿ. ಅದಕ್ಕೆ ಫೀಸು ಕಟ್ಟಿದ್ದು ಮಾತ್ರ ನಾನಲ್ಲ, ನಮ್ಮಪ್ಪ.

2017ರಲ್ಲಿ ಆನ್‌ಸೈಟ್ ಅಂತ ಕಂಪನಿಯವರು ನನ್ನನ್ನು ಇಲಿನಾಯ್ ರಾಜ್ಯದ ಬ್ಲೂಮಿಂಗ್‌ಟನ್‌ಗೆ ಕಳಿಸಿದರು. ಸುತ್ತ ಎತ್ತ ನೋಡಿದರೂ ಜೋಳದ ಹೊಲ. ಶನಿವಾರ ಬಂದರೆ ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸೋದು. ಹತ್ತಿರದ ದೊಡ್ಡ ಊರು ಅಂದರೆ ಶಿಕಾಗೋ, ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಆದರೆ ಅಲ್ಲಿನ ಹೋಟೆಲ್ ಬಾಡಿಗೆ ನೋಡಿದರೆ ಎದೆ ಧಸಕ್ ಅನ್ನೋದು. ಆಗ ರೂಮ್‌ಮೇಟ್ ಒಬ್ಬ ಬಿಡ್ಡಿಂಗ್ ಹೇಳಿಕೊಟ್ಟ.

ಇದನ್ನು ಶುರು ಮಾಡಿದ್ದು ಪ್ರೈಸ್‌ಲೈನ್. ಜೇ ವಾಕರ್ ಎಂಬಾತ ಸ್ಥಾಪಿಸಿದ ಈ ಕಂಪನಿ 1998ರಲ್ಲಿ ‘ನಿಮ್ಮ ಬೆಲೆ ನೀವೇ ಹೇಳಿ’ ಅಂತ ಬಂತು. ಮೊದಲು ವಿಮಾನದ ಟಿಕೆಟ್, ಅದೇ ವರ್ಷ ಹೋಟೆಲ್ ರೂಮು. ನೀವು ಊರಿನ ಯಾವ ಏರಿಯಾ, ಎಷ್ಟು ಸ್ಟಾರ್, ಯಾವ ದಿನ ಅಂತ ಆರಿಸಬೇಕು. ರಾತ್ರಿಗೆ ಎಷ್ಟು ಕೊಡ್ತೀರಿ ಅಂತ ಬರೆಯಬೇಕು. ಕ್ರೆಡಿಟ್ ಕಾರ್ಡ್ ನಂಬರನ್ನು ಮೊದಲೇ ಕೊಡಬೇಕು. ನಿಮ್ಮ ಬೆಲೆಗೆ ಯಾವುದಾದರೂ ಹೋಟೆಲ್ ಸಿಕ್ಕರೆ ತಕ್ಷಣ ದುಡ್ಡು ಕಟ್. ಹೋಟೆಲಿನ ಹೆಸರು ಗೊತ್ತಾಗುವುದು ಆಮೇಲೆ. ರದ್ದು ಮಾಡುವಂತಿಲ್ಲ, ದಿನ ಬದಲಿಸುವಂತಿಲ್ಲ.

2000ದಲ್ಲಿ ಬಂದ ಹಾಟ್‌ವೈರ್‌ನದು ಸ್ವಲ್ಪ ಬೇರೆ ದಾರಿ. ಅಲ್ಲಿ ಬೆಲೆ ಕಾಣಿಸುತ್ತದೆ, ಬಿಡ್ ಮಾಡಬೇಕಾಗಿಲ್ಲ. ಹೋಟೆಲ್ ಹೆಸರು ಮಾತ್ರ ದುಡ್ಡು ಕೊಟ್ಟ ಮೇಲೇ.

ಹೋಟೆಲಿನವರಿಗೆ ಇದರಿಂದ ಏನು ಲಾಭ ಅಂತೀರಾ? ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರೋಕಾಗಲ್ಲ. ಸಂಜೆ ಉಳಿದ ಹೂವಿನ ಹಾಗೆ. ಹಾಗಂತ 140 ಡಾಲರ್ ರೂಮಿಗೆ 60 ಅಂತ ಬಹಿರಂಗವಾಗಿ ಬೋರ್ಡ್ ಹಾಕಿದರೆ 140 ಕೊಟ್ಟು ಬಂದವರು ಸುಮ್ಮನಿರ್ತಾರಾ? ಅದಕ್ಕೇ ಹೆಸರು ಮುಚ್ಚಿಟ್ಟು ಮಾರುತ್ತಾರೆ. ಎಲ್ಲಿ ಇಳಿದುಕೊಂಡರೂ ನಡೆಯುತ್ತೆ ಅನ್ನೋ ಗಿರಾಕಿಗೆ ಕಡಿಮೆ ಬೆಲೆ, ಇದೇ ಹೋಟೆಲ್ ಬೇಕು ಅನ್ನೋ ಗಿರಾಕಿಗೆ ಪೂರ್ತಿ ಬೆಲೆ.

ಎಂಜಿನಿಯರ್ ತಲೆಗೆ ಇದು ಒಳ್ಳೆ ಆಟ. ಬಿಡ್ ಒಪ್ಪದಿದ್ದರೆ ಅದನ್ನೇ ಮತ್ತೆ ಹಾಕಲು 24 ಗಂಟೆ ಕಾಯಬೇಕಿತ್ತು. ಆದರೆ ಇನ್ನೊಂದು ಏರಿಯಾ ಸೇರಿಸಿದರೆ ಕೂಡಲೇ ಮತ್ತೊಂದು ಚಾನ್ಸ್. ಇಲ್ಲೇ ಇತ್ತು ಕಿತಾಪತಿ. 4 ಸ್ಟಾರ್ ಹೋಟೆಲೇ ಇಲ್ಲದ ಏರಿಯಾವನ್ನು ಹುಡುಕಿ ಸೇರಿಸಿದರೆ ಆ ಏರಿಯಾದ ರೂಮು ತಲೆಗೆ ಕಟ್ಟಿಕೊಳ್ಳುವ ಭಯವಿಲ್ಲ, ಬಿಡ್ ಮಾತ್ರ ಹೊಸದು. ಫೆಬ್ರವರಿಯ ಚಳಿಯಲ್ಲಿ ಶಿಕಾಗೋಗೆ ಹೋಗುವವರೂ ಕಡಿಮೆ. 45 ಅಂದೆ, ಇಲ್ಲ ಅಂತು. 52 ಅಂದೆ, ಇಲ್ಲ. 58 ಅಂದಾಗ ಒಪ್ಪಿತು. ಊರಿನ ನಡುಮಧ್ಯೆ, ಲೂಪ್ ಏರಿಯಾದಲ್ಲಿ, 140 ಡಾಲರ್ ತೋರಿಸುತ್ತಿದ್ದ ರೂಮು! ನಾನು, ರೂಮ್‌ಮೇಟ್ ಇಬ್ಬರೂ ರೈಲಿನಲ್ಲಿ ಹೋಗಿ ರಾಜರ ಹಾಗೆ ಇದ್ದು ಬಂದೆವು.

ಆಫೀಸಿನಲ್ಲಿ ನನಗೆ ‘ಹರಾಜು ಮಾಸ್ಟರ್’ ಅಂತ ಹೆಸರು ಬಿತ್ತು. ವರ್ಷದಲ್ಲಿ ಏಳೆಂಟು ರೂಮು ಹೊಡೆದೆ. ಪ್ರತಿ ಸಲವೂ ಷರತ್ತುಗಳ ಪುಟ ಬರೋದು, ನಾನು ಓದದೇ ‘ಒಪ್ಪಿದೆ’ ಒತ್ತುತ್ತಿದ್ದೆ.

2018ರ ಜೂನ್‌ನಲ್ಲಿ ಅಪ್ಪ ಅಮ್ಮ ಬಂದರು. ನಾವು ತಿಪಟೂರು ಕಡೆಯವರು, ಅಪ್ಪನದು ತೆಂಗಿನ ತೋಟ. ಅಮೆರಿಕದಲ್ಲಿ ಅವರು ನೋಡಬೇಕು ಅಂದದ್ದು ಒಂದೇ ಜಾಗ. ನಯಾಗರ ಅಲ್ಲ, ಡಿಸ್ನಿ ಅಲ್ಲ. 1893ರಲ್ಲಿ ವಿವೇಕಾನಂದರು ಭಾಷಣ ಮಾಡಿದ ಕಟ್ಟಡ. ಅದು ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋ. ಬಾಗಿಲಲ್ಲಿ ಎರಡು ಕಂಚಿನ ಸಿಂಹ, ಮುಂದಿನ ಮಿಶಿಗನ್ ಅವೆನ್ಯೂದ ಒಂದು ಭಾಗಕ್ಕೆ ಸ್ವಾಮೀಜಿಯ ಹೆಸರನ್ನೇ ಇಟ್ಟಿದ್ದಾರೆ.

ನಾನು ಎಂದಿನಂತೆ ಬಿಡ್ ಹಾಕಿದೆ. ಎರಡು ರಾತ್ರಿಗೆ ತಲಾ 90 ಡಾಲರ್. ಮಿಶಿಗನ್ ಅವೆನ್ಯೂ ಹತ್ತಿರವೇ ಸಿಕ್ಕಿತು. ಅಮ್ಮನಿಗೆ ಫೋನಿನಲ್ಲಿ ಫೋಟೋ ತೋರಿಸಿ ಮೀಸೆ ತಿರುವಿದೆ.

ಶುಕ್ರವಾರ ರಾತ್ರಿ ಹತ್ತಕ್ಕೆ ಹೋಟೆಲ್ ಮುಟ್ಟಿದೆವು. ಕೌಂಟರಿನಾಕೆ ಮೂವರನ್ನೂ ನೋಡಿದಳು, ಕಂಪ್ಯೂಟರ್ ನೋಡಿದಳು. ಈ ಬುಕಿಂಗ್ ಇಬ್ಬರಿಗೆ ಮಾತ್ರ, ರೂಮಿನಲ್ಲಿ ಇರೋದು ಒಂದೇ ಮಂಚ ಅಂದಳು. ಎರಡು ಮಂಚದ ರೂಮು? ಇಲ್ಲ. ಮಡಚುವ ಮಂಚ? ಎಲ್ಲವೂ ಹೋಗಿವೆ. ಊರಿನಲ್ಲಿ ದೊಡ್ಡ ಸಮಾವೇಶ ಇತ್ತು. ಇನ್ನೊಂದು ರೂಮು ಬೇಕಾದರೆ 289 ಡಾಲರ್, ತೆರಿಗೆ ಬೇರೆ. ಆಕೆಯದೇನೂ ತಪ್ಪಿರಲಿಲ್ಲ. ಬಿಡ್ ರೂಮು ಇಬ್ಬರಿಗೆ ಮಾತ್ರ, ಮಂಚ ಎಂಥದ್ದು ಅನ್ನೋದಕ್ಕೆ ಗ್ಯಾರಂಟಿ ಇಲ್ಲ ಅಂತ ಆ ಷರತ್ತಿನ ಪುಟದಲ್ಲೇ ಬರೆದಿತ್ತು. ನಾನು ಓದದೇ ಒಪ್ಪಿದ್ದೆ.

ನಾನು ಕಾರ್ಡ್ ತೆಗೆಯುವಷ್ಟರಲ್ಲಿ ಅಪ್ಪ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿ ಮುಗಿಸಿದ್ದರು. “ಹತ್ತೊಂಬತ್ತು ಸಾವಿರವೇನೋ! ಒಂದು ಕ್ವಿಂಟಾಲ್ ಕೊಬ್ಬರಿ ಮಾರಿದ್ರೂ ಅಷ್ಟು ಬರಲ್ಲ. ಸುಮ್ನಿರು, ನಾನು ಕೆಳಗೆ ಮಲಗ್ತೀನಿ.” ಆಕೆ ಏನೂ ಅನ್ನಲಿಲ್ಲ, ಎರಡು ಹೊದಿಕೆ ಜಾಸ್ತಿ ಕಳಿಸಿಕೊಟ್ಟಳು. ರೂಮಿಗೆ ಹೋದ ಮೇಲೆ ನಾನು ಕೆಳಗೆ ಮಲಗ್ತೀನಿ ಅಂತ ಹಟ ಹಿಡಿದೆ. “ನಾಳೆ ಗಾಡಿ ಓಡ್ಸೋನು ನೀನು. ನಾನು ತೋಟದ ಮನೇಲಿ ಚಾಪೆ ಮೇಲೆ ಮಲಗಿ ಬೆಳೆದೋನು ಕಣೋ” ಅಂದರು. ನನ್ನನ್ನೂ ಅಮ್ಮನನ್ನೂ ಮಂಚಕ್ಕೆ ಕಳಿಸಿ, ಕಾರ್ಪೆಟ್ ಮೇಲೆ ಹೊದಿಕೆ ಹಾಸಿಕೊಂಡರು. ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಬಂದು ಇನ್ನೂ ವಾರವಾಗಿರಲಿಲ್ಲ. ವಯಸ್ಸು ಅರವತ್ತಮೂರು.

ಬೆಳಿಗ್ಗೆ ಅಪ್ಪನಿಗೆ ಸೊಂಟ ಎತ್ತಲಿಕ್ಕಾಗಲಿಲ್ಲ. ಅಮ್ಮ ಬಿಸಿನೀರಿನಲ್ಲಿ ಟವೆಲ್ ಅದ್ದಿ ಶಾಖ ಕೊಟ್ಟಳು. ನಾನು ಔಷಧಿ ಅಂಗಡಿಗೆ ಓಡಿ 14 ಡಾಲರಿಗೆ ನೋವಿನ ಪಟ್ಟಿ ತಂದೆ. ಮಧ್ಯಾಹ್ನ ಹೇಗೋ ಆರ್ಟ್ ಇನ್‌ಸ್ಟಿಟ್ಯೂಟ್ ಮುಂದೆ ಇಳಿಸಿದೆ. ಅಪ್ಪ ಮೆಟ್ಟಿಲು ನೋಡಿದರು. ವ್ಹೀಲ್‌ಚೇರ್ ಕೇಳ್ತೀನಿ ಅಂದರೆ ಬೇಡವೇ ಬೇಡ ಅಂದರು. ಸಿಂಹದ ಪಕ್ಕ, ಮೆಟ್ಟಿಲ ಕೆಳಗೆ ನಿಂತು, ಚಪ್ಪಲಿ ಬಿಟ್ಟು ಕಟ್ಟಡಕ್ಕೆ ಕೈ ಮುಗಿದರು. “ಆಯ್ತು, ನೋಡಿದಂಗಾಯ್ತು” ಅಂದರು. ಒಳಗೆ ಹೋಗಲಿಲ್ಲ.

ಭಾನುವಾರ ವಾಪಸ್ ಬರುವಾಗ ಜೋಳದ ಹೊಲಗಳ ನಡುವೆ ಅಪ್ಪ ಕೇಳಿದರು: “ಅದೇನೋ ಹರಾಜು ಅಂದ್ಯಲ್ಲ, ಹೆಂಗದು?” ವಿವರಿಸಿದೆ. ಎಪಿಎಂಸಿಯ ಕೊಬ್ಬರಿ ಟೆಂಡರ್ ಹಾಗೇ ಅಂದೆ. ಅಲ್ಲೂ ಒಬ್ಬ ವರ್ತಕ ಹಾಕಿದ ರೇಟು ಇನ್ನೊಬ್ಬನಿಗೆ ಗೊತ್ತಾಗಲ್ಲವಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಲ್ಲಿ ವರ್ತಕರು ಮಾಲು ನೋಡಿ ರೇಟು ಹಾಕ್ತಾರೆ. ನೀನು ಮಾಲೇ ನೋಡ್ಲಿಲ್ಲ. ಆ ರೇಟು ಗಿಟ್ಟಲಿಲ್ಲ ಅಂದ್ರೆ ನಾವು ಕೊಬ್ಬರಿ ಕೊಡಲ್ಲ, ಬೇಡ ಅಂತೀವಿ. ನಿಂಗೆ ಬೇಡ ಅನ್ನೋಕೆ ಎಲ್ಲಿತ್ತು? ಅದನ್ನ ಮಾರಿಕೊಂಡೇ ಅಲ್ವೇನೋ ನಿಂಗೆ ರೂಮು ಅಗ್ಗಕ್ಕೆ ಸಿಕ್ಕಿದ್ದು?”

ಬೈದಿರಲಿಲ್ಲ. ಲೆಕ್ಕ ಹೇಳಿದ್ದರು ಅಷ್ಟೇ.

ಮನೆಗೆ ಬಂದು ನಾನೂ ಲೆಕ್ಕ ಹಾಕಿದೆ. ಬಿಡ್ 180, ತೆರಿಗೆ ಮತ್ತು ಫೀಸು 38. ಈ ಸಲ ಕಾರು ಒಯ್ದಿದ್ದರಿಂದ ಹೋಟೆಲ್ ಪಾರ್ಕಿಂಗ್ ರಾತ್ರಿಗೆ 58ರಂತೆ 116. ಒಟ್ಟು 334 ಡಾಲರ್. ಬುಕ್ ಮಾಡುವ ಮೊದಲು ಓಹೇರ್ ವಿಮಾನ ನಿಲ್ದಾಣದ ಹತ್ತಿರ ಒಂದು ಹೋಟೆಲ್ ನೋಡಿದ್ದೆ. ಎರಡು ಮಂಚ, ಪಾರ್ಕಿಂಗ್ ಫ್ರೀ, ಬೇಡವಾದರೆ ರದ್ದು ಮಾಡಬಹುದು. ರಾತ್ರಿಗೆ 149, ಶೇ. 17.4 ತೆರಿಗೆ ಸೇರಿ ಎರಡು ರಾತ್ರಿಗೆ 350. ಅಲ್ಲಿಂದ ಮೆಟ್ರೋ ರೈಲು ನೇರ ಊರೊಳಕ್ಕೆ ಬರುತ್ತದೆ. ನಾನು ಉಳಿಸಿದ್ದು 16 ಡಾಲರ್. ನೋವಿನ ಪಟ್ಟಿ ಕಳೆದರೆ ಎರಡು!

ಪ್ರೈಸ್‌ಲೈನ್ ವಿಮಾನ ಟಿಕೆಟ್ಟಿನ ಬಿಡ್ಡಿಂಗನ್ನು 2016ರಲ್ಲೇ ನಿಲ್ಲಿಸಿತ್ತು, ಆಮೇಲೆ ಹೋಟೆಲ್ ಬಿಡ್ಡಿಂಗೂ ಹೋಯಿತು. ಹೆಸರು ಮುಚ್ಚಿಟ್ಟು ಮಾರೋದು ಮಾತ್ರ ಈಗಲೂ ಉಂಟು: ಪ್ರೈಸ್‌ಲೈನಿನಲ್ಲಿ ‘ಎಕ್ಸ್‌ಪ್ರೆಸ್ ಡೀಲ್’, ಹಾಟ್‌ವೈರಿನಲ್ಲಿ ‘ಹಾಟ್ ರೇಟ್’. ನಮ್ಮ ಆ್ಯಪ್‌ಗಳ ‘ನಾನ್ ರಿಫಂಡಬಲ್’ ಕೂಡ ಅದೇ ಜಾತಿಯದು. ಬೇಡ ಅನ್ನುವ ಹಕ್ಕನ್ನು ಬಿಟ್ಟುಕೊಡ್ತೀರಿ, ಅದಕ್ಕೆ ರಿಯಾಯಿತಿ ಸಿಗುತ್ತದೆ.

ಅದು ಮೋಸ ಅಂತ ನಾನು ಹೇಳಲ್ಲ. ಒಬ್ಬನೇ ಹೋಗುವಾಗ ಇವತ್ತಿಗೂ ಅಂಥ ರೂಮನ್ನೇ ಹುಡುಕ್ತೀನಿ. ಆದರೆ ಬಟನ್ ಒತ್ತುವ ಮೊದಲು ನಾಲ್ಕು ವಿಷಯ ನೋಡ್ತೀನಿ.

ಒಂದು, ತೆರಿಗೆ, ಫೀಸು, ಪಾರ್ಕಿಂಗ್, ರೆಸಾರ್ಟ್ ಫೀ ಎಲ್ಲ ಸೇರಿಸಿದ ಮೊತ್ತ. ಮೊದಲು ಕಾಣುವ ಬೆಲೆ ಲೆಕ್ಕಕ್ಕಿಲ್ಲ.

ಎರಡು, ಎಷ್ಟು ಜನ, ಎಂಥ ಮಂಚ ಅನ್ನೋದಕ್ಕೆ ಗ್ಯಾರಂಟಿ ಇದೆಯಾ.

ಮೂರು, ಆ ದಿನಗಳಲ್ಲಿ ಊರಿನಲ್ಲಿ ಜಾತ್ರೆಯೋ ಸಮಾವೇಶವೋ ಇದೆಯಾ. ಇದ್ದರೆ ಹೋದಮೇಲೆ ರೂಮು ಬದಲಿಸುವ ಆಸೆ ಬಿಡಿ.

ನಾಲ್ಕು, ಏನಾದರೂ ಎಡವಟ್ಟಾದರೆ ಅನುಭವಿಸುವವರು ಯಾರು? ನಾನೇ ಆದರೆ ಸರಿ. ಉತ್ತರ ಅಪ್ಪ, ಅಮ್ಮ, ಚಿಕ್ಕ ಮಗು, ಬಸುರಿ ಹೆಂಡತಿ ಆಗಿದ್ದರೆ ಜಾಸ್ತಿ ದುಡ್ಡು ಕೊಟ್ಟು ಬೇಡ ಅನ್ನೋ ಹಕ್ಕನ್ನು ಇಟ್ಟುಕೊಳ್ತೀನಿ. ಯಾಕಂದ್ರೆ ಅಂಥವರು ಕೆಳಗೆ ಮಲಗಿಯೂ ‘ನಂಗೇನೂ ಆಗಿಲ್ಲ’ ಅಂತಲೇ ಹೇಳ್ತಾರೆ.

ಸಹೋದ್ಯೋಗಿಗೆ ಇಷ್ಟನ್ನೂ ಹೇಳುವಷ್ಟರಲ್ಲಿ ಊಟ ಆರಿಹೋಗಿತ್ತು. ಅವರು ಫೋನ್ ನೋಡುತ್ತಾ, “ನಾನು, ನಮ್ಮೆಜಮಾನ್ರು, ಅತ್ತೆ ಮಾವ. ಮಾವನಿಗೆ ಹೋದ ತಿಂಗಳು ತಾನೇ ಸ್ಟಂಟ್ ಹಾಕಿದ್ದಾರೆ” ಅಂದರು. ಆಮೇಲೆ ನನ್ನನ್ನು ಏನೂ ಕೇಳದೆ 4,200ರ ಮೇಲೆ ಬೆರಳು ಒತ್ತಿದರು.

ಅಪ್ಪ ಆ ಕಟ್ಟಡದ ಒಳಗೆ ಹೋಗುವುದು ಇನ್ನೂ ಬಾಕಿ ಇದೆ. ಅಮೆರಿಕದ ಮಾತು ಬಂದಾಗಲೆಲ್ಲ “ಬಾಗಿಲವರೆಗೂ ಹೋಗಿದ್ದೆ” ಅಂತಾರೆ. ನೆಲದ ಮೇಲೆ ಮಲಗಿದ ಕಥೆಯನ್ನು ಮಾತ್ರ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅದಕ್ಕೇ ನಾನು ಹೇಳಿದೆ.