ಬಾಟಲಿಗೆ ಲೆಕ್ಕವುಂಟು, ಬಿಟ್ಟವನಿಗಿಲ್ಲ

"ಕುಡಿಯೂದ ಬಿಟ್ಟಾವಗ ಬಹುಮಾನ ಕೊಡಬೇಕಂತ! ಹಂಗಾದ್ರ ಕಳವು ಬಿಟ್ಟಾವಗೂ ಕೊಡ್ರಿ" ಎಂದು ಬನಹಟ್ಟಿಯ ಗೃಹಸ್ಥರೊಬ್ಬರು ನಕ್ಕರು. ನಗಲಿ. ಆದರೆ ಮೊದಲು ಸರಕಾರದ ಖಾತೆ ನೋಡಲಿ.

2007ರ ಜುಲೈ 1ರಿಂದ ಸಾರಾಯಿ ನಿಂತಿತು, ನಿಜ. ಮದ್ಯ ನಿಂತಿತೇ? 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮವೇ ಅದರ ಸಗಟು ವ್ಯಾಪಾರಿ. ಪೆಟ್ಟಿಗೆ ಪೆಟ್ಟಿಗೆಗೂ ಗಣಕಯಂತ್ರದಲ್ಲಿ ಲೆಕ್ಕ. 2025-26ರ ಮುಂಗಡಪತ್ರದಲ್ಲಿ ಅಬಕಾರಿಯ ಗುರಿ 40,000 ಕೋಟಿ ರೂಪಾಯಿ! ಇತ್ತ ಬಿಡಿಸುವ ಕೆಲಸ ಹೇಗಿದೆ? ಕೇಂದ್ರ ಸರಕಾರವೇ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು.

ನಾನು ಮಾಸ್ತರಕಿ ಮಾಡುತ್ತಿದ್ದಾಗ, ಯಾರ ಮನೆಯಲ್ಲಿ ಬಟವಡೆ ಬಂದು ಕರಗಿದೆ ಎಂಬುದು ಮರುದಿನದ ಹಾಜರಿಯಲ್ಲೇ ತಿಳಿಯುತ್ತಿತ್ತು. ಆ ತಂದೆಗೆ ಬುದ್ಧಿವಾದ ಹೇಳದವರಿಲ್ಲ. ಆದರೆ ಬಾಟಲಿಯ ಸುಖ ಅದೇ ಸಂಜೆ ಕೈಗೆ ಬರುತ್ತದೆ. ಬಿಟ್ಟದ್ದರ ಸುಖಕ್ಕೆ ಆರು ತಿಂಗಳು ಕಾಯಬೇಕು. ಈ ಅಂತರವನ್ನು ತುಂಬುವುದೇ ಬಹುಮಾನದ ಚಿಕಿತ್ಸೆ. ಅಮೆರಿಕದ ವರ್ಮಾಂಟಿನಲ್ಲಿ ಸ್ಟೀಫನ್ ಹಿಗ್ಗಿನ್ಸ್ ಮತ್ತು ಸಂಗಡಿಗರು ಕೊಕೇನ್ ಚಟದವರ ಮೇಲೆ ಇದನ್ನು ಪ್ರಯೋಗಿಸಿ 1991ರಲ್ಲಿ ಫಲ ಪ್ರಕಟಿಸಿದರು. ಪರೀಕ್ಷೆಯಲ್ಲಿ ಶುದ್ಧನಾಗಿ ಬಂದವನಿಗೆ ಅಲ್ಲೇ ಚೀಟಿ. ಚೀಟಿಗೆ ಸಾಮಾನು, ನಗದಿಲ್ಲ. ಮದ್ಯಕ್ಕೂ ಉಸಿರಿನ ಪರೀಕ್ಷೆಯಿಂದ ಇದೇ ಕ್ರಮ ನಡೆದಿದೆ.

ಲೆಕ್ಕ ಮಾತ್ರ ಜಟಿಲ. ಕ್ಯಾಲಿಫೋರ್ನಿಯದಲ್ಲಿ 2023ರಲ್ಲಿ ಆರಂಭವಾದ ಯೋಜನೆಯಲ್ಲಿ 24 ವಾರಗಳ ಕಾಲ ಪರೀಕ್ಷೆ: ಮೊದಲ 12 ವಾರ ವಾರಕ್ಕೆರಡು ಸಲ, ಆಮೇಲೆ ಒಂದು ಸಲ. ಬಿಟ್ಟ ವಾರಗಳು ಕೂಡಿದಂತೆ ಬಹುಮಾನ ಏರುತ್ತದೆ, ತಪ್ಪಿದರೆ ಕೆಳಗಿಳಿಯುತ್ತದೆ, ಸುಧಾರಿಸಿದರೆ ಮತ್ತೆ ಹಳೆಯ ಮಟ್ಟಕ್ಕೆ. ವರ್ಷಕ್ಕೆ ಮಿತಿ 599 ಡಾಲರ್. ಆಸ್ಪತ್ರೆಯವರು ಫಲಿತಾಂಶ ಬರೆದರೆ ಸಾಕು, ಉಳಿದದ್ದನ್ನು ಸಾಫ್ಟ್‌ವೇರ್ ಎಣಿಸಿ ಕೂಡಲೇ ಕೊಡುತ್ತದೆ. ಇದರ ಬೆಲೆ ನಮ್ಮ ಕಿರಾಣಿ ಅಂಗಡಿಯವರಿಗೆ ಗೊತ್ತು. ಉದ್ರಿ ಖಾತೆಯಲ್ಲಿ ಒಂದು ಸಾಲು ತಪ್ಪಿದರೆ ಗಿರಾಕಿಯ ನಂಬಿಕೆಯೇ ಹೋಗುತ್ತದೆ. ಯಂತ್ರಕ್ಕೆ ಸಾಹೇಬರ ಅಳಿಯನೂ ಒಂದೇ, ಹಮಾಲನೂ ಒಂದೇ.

ಆದರೆ ಕಾರ್ಮಿಕ ಬಂಧುಗಳೇ, ಎಚ್ಚರ! ಆ ಖಾತೆ ಗಿರಣಿಯ ಕಚೇರಿಗೆ ಹೋದರೆ ಮರುದಿನವೇ ಒಬ್ಬನ ಕೆಲಸ ಹೋಗುತ್ತದೆ. ಮಾಲಕನ ಕಣ್ಣಿಗಾಗಲಿ ಪೊಲೀಸರ ಕೈಗಾಗಲಿ ಅದು ಬೀಳಕೂಡದೆಂದು ಮೊದಲೇ ಲಿಖಿತ ನಿಯಮ ಬೇಕು. ಇನ್ನೊಂದು ಮಾತು: ವರ್ಷಗಟ್ಟಲೆ ಕುಡಿದವನು ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರಿಲ್ಲದೆ ಬರೀ ಯಂತ್ರ ತಂದಿಟ್ಟು ಫೋಟೋ ತೆಗೆಸಿಕೊಳ್ಳುವ ಮಂತ್ರಿಗಳನ್ನು ನಾವು ಒಪ್ಪುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ತೆರೆಯಲಿ. ಚೀಟಿಗೆ ಜೋಳ, ಎಣ್ಣೆ, ಮಕ್ಕಳ ನೋಟುಬುಕ್ಕು ಊರಿನ ಚಿಕ್ಕ ಅಂಗಡಿಗಳಲ್ಲೇ ಸಿಗಲಿ. ಮದ್ಯದಂಗಡಿಗೆ ಹೋಗುತ್ತಿದ್ದ ವ್ಯಾಪಾರ ಇವರ ಗಲ್ಲೆಗೆ ಬರಲಿ. ಉಸ್ತುವಾರಿ ಸಮಿತಿಯಲ್ಲಿ ನೇಕಾರರ, ಸಕ್ಕರೆ ಕಾರ್ಖಾನೆ ಕಾರ್ಮಿಕರ ಪ್ರತಿನಿಧಿಗಳಿರಲಿ, ಅವರ ಮನೆಯ ಹೆಣ್ಣುಮಕ್ಕಳೂ ಇರಲಿ. ಖರ್ಚೆಲ್ಲ ಆ 40,000 ಕೋಟಿಯಿಂದಲೇ ಬರಲಿ.