ತಕ್ಕಡಿಗೆ ಎರಡೇ ತಟ್ಟೆ

ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ವರ್ಷವಿಡೀ ಮುಗಿಯದ ಜಗಳ ಎರಡು. ಒಂದು, ಬಿಸಿಬೇಳೆಬಾತಿಗೆ ಆಲೂಗಡ್ಡೆ ಹಾಕಬೇಕಾ ಬೇಡವಾ ಅನ್ನೋದು. ಇನ್ನೊಂದು, ಬಿಬಿಸಿ ಯಾರ ಕಡೆ ಅನ್ನೋದು. ಅದು ಎಡಪಂಥೀಯರ ಅಡ್ಡೆ ಅಂತ ಒಬ್ಬರು, ಇಲ್ಲ, ಸರ್ಕಾರ ಹೇಳಿದ್ದನ್ನೇ ಓದುತ್ತೆ ಅಂತ ಇನ್ನೊಬ್ಬರು. ಎರಡೂ ಕಡೆಯವರು ಬೈತಿದ್ದಾರೆ ಅಂದ್ರೆ ನಾವು ನಡುವೆ ಸರಿಯಾಗೇ ನಿಂತಿದ್ದೇವೆ ಅನ್ನೋದು ಇಲ್ಲಿನ ಸುದ್ದಿಮನೆಗಳ ಹಳೇ ಸಮಾಧಾನ. ನನಗೆ ಈ ಸಮಾಧಾನದ ಮೇಲೇ ತಕರಾರು. ಜಗಳ ಆಡುತ್ತಿರುವ ಇಬ್ಬರ ನಡುವೆ ನಿಂತರೆ ಸಾಕೇ? ಪಂಚಾಯ್ತಿಕಟ್ಟೆಗೆ ಕರೆಯದೇ ಬಿಟ್ಟ ಮೂರನೆಯವನ ಗತಿ ಏನು?

ಮೊದಲು ನಿಯಮ ಏನು ಅಂತ ನೋಡೋಣ. ಬ್ರಿಟನ್ನಿನಲ್ಲಿ ಪತ್ರಿಕೆಗಳಿಗೆ ಯಾವ ಪಕ್ಷದ ಪರವಾಗಿ ಬೇಕಾದರೂ ಬರೆಯುವ ಸ್ವಾತಂತ್ರ್ಯ ಇದೆ. ಡೈಲಿ ಮೇಲ್ ಯಾರ ಕಡೆ, ಗಾರ್ಡಿಯನ್ ಯಾರ ಕಡೆ ಅಂತ ಎಲ್ಲರಿಗೂ ಗೊತ್ತು. ಆದರೆ ಟಿ.ವಿ., ರೇಡಿಯೋ ಸುದ್ದಿಗೆ ಆ ಸ್ವಾತಂತ್ರ್ಯ ಇಲ್ಲ. 2003ರ ಸಂವಹನ ಕಾಯ್ದೆ ಮತ್ತು ಅದರಡಿ ಆಫ್‌ಕಾಮ್ ರೂಪಿಸಿದ ಸಂಹಿತೆಯ ಪ್ರಕಾರ ಅವು 'ತಕ್ಕಷ್ಟು ನಿಷ್ಪಕ್ಷಪಾತ'ವಾಗಿರಬೇಕು. 'ತಕ್ಕಷ್ಟು' ಅನ್ನೋ ಮಾತೇ ಇಲ್ಲಿ ಮುಖ್ಯ. ಎಲ್ಲರಿಗೂ ಗಡಿಯಾರ ಹಿಡಿದು ಸಮಸಮ ನಿಮಿಷ ಹಂಚಿ ಅಂತ ಸಂಹಿತೆ ಎಲ್ಲೂ ಹೇಳುವುದಿಲ್ಲ. ವಿಷಯಕ್ಕೆ ತಕ್ಕಂತೆ ತೂಗಿ ಅನ್ನುತ್ತದೆ. ದೊಡ್ಡ ವಿವಾದಗಳಲ್ಲಿ ಗಣನೀಯವಾದ ಬೇರೆ ಬೇರೆ ಅಭಿಪ್ರಾಯಗಳು ಸಾಕಷ್ಟು ಅಗಲವಾಗಿ ಬರಬೇಕು ಅಂತಲೂ ಅನ್ನುತ್ತದೆ.

ಸಮಸಮ ಹಂಚಿಕೆಯ ಹುಚ್ಚಿನಿಂದ ಆದ ಎಡವಟ್ಟಿಗೆ ಒಂದು ಉದಾಹರಣೆ ಕೊಡ್ತೀನಿ. 2017ರ ಆಗಸ್ಟ್‌ನಲ್ಲಿ ಬಿಬಿಸಿ ರೇಡಿಯೋದ 'ಟುಡೇ' ಕಾರ್ಯಕ್ರಮ ಹವಾಮಾನ ಬದಲಾವಣೆ ಕುರಿತು ಮಾತಾಡಲು ಮಾಜಿ ಹಣಕಾಸು ಸಚಿವ ನೈಜೆಲ್ ಲಾಸನ್ ಅವರನ್ನು ಕರೆಸಿತು. ಕಳೆದ ಹತ್ತು ವರ್ಷದಲ್ಲಿ ಭೂಮಿಯ ಸರಾಸರಿ ತಾಪಮಾನ ಸ್ವಲ್ಪ ಇಳಿದಿದೆ ಅಂದರು ಅವರು. ಅದು ಶುದ್ಧ ತಪ್ಪು. ಸ್ಟುಡಿಯೋದಲ್ಲಿ ಯಾರೂ ತಡೆಯಲಿಲ್ಲ. ಆಮೇಲೆ ಬಿಬಿಸಿ ತಪ್ಪೊಪ್ಪಿಕೊಂಡಿತು, 2018ರಲ್ಲಿ ಆಫ್‌ಕಾಮ್ ಕೂಡ ನಿಯಮ ಮುರಿದಿದೆ ಅಂತ ತೀರ್ಪು ಕೊಟ್ಟಿತು. ಮಳೆ ಬರ್ತಿದೆ ಅಂತ ಒಬ್ಬ, ಇಲ್ಲ ಅಂತ ಇನ್ನೊಬ್ಬ ಹೇಳಿದರೆ ಇಬ್ಬರಿಗೂ ಮೈಕ್ ಕೊಡೋದು ಪತ್ರಕರ್ತರ ಕೆಲಸ ಅಲ್ಲ. ಕಿಟಕಿ ತೆಗೆದು ನೋಡೋದು ಕೆಲಸ.

ಇದು ತಟ್ಟೆಗೆ ಹಾಕಬಾರದ್ದನ್ನು ಹಾಕಿದ ಕತೆ. ಹಾಕಬೇಕಾದ್ದನ್ನು ಹಾಕದೇ ಬಿಡುವ ಕತೆ ಇನ್ನೂ ಹಳೆಯದು. 1926ರ ಮೇ ತಿಂಗಳ ಸಾರ್ವತ್ರಿಕ ಮುಷ್ಕರದ ದಿನಗಳಲ್ಲಿ ಪತ್ರಿಕೆಗಳು ಹೆಚ್ಚುಕಡಿಮೆ ನಿಂತುಹೋಗಿದ್ದವು. ಜನ ರೇಡಿಯೋ ನಂಬಿಕೊಂಡಿದ್ದರು. ಬಿಬಿಸಿಯನ್ನು ಸರ್ಕಾರವೇ ವಶಕ್ಕೆ ತಗೊಳ್ಳಲಿ ಅಂತ ಚರ್ಚಿಲ್ ಹಟ ಹಿಡಿದಾಗ ಜಾನ್ ರೀತ್ ಒಪ್ಪಲಿಲ್ಲ. ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಆದರೆ ಪ್ರಧಾನಿ ಬಾಲ್ಡ್ವಿನ್ ರೇಡಿಯೋದಲ್ಲಿ ಮಾತಾಡಿದರು, ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರಿಗೆ ಮೈಕ್ ಸಿಗಲಿಲ್ಲ. ಹೇಳಿದ ಸುದ್ದಿಯಲ್ಲಿ ಸುಳ್ಳು ಹುಡುಕುವುದಕ್ಕಿಂತ ಮುಂಚೆ, ಯಾರ ದನಿ ಕೇಳಲೇ ಇಲ್ಲ ಅಂತ ನೋಡಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ವಲಸೆಯ ಬಗ್ಗೆ ಯಾವ ಚಾನೆಲ್‌ನ ಚರ್ಚೆಯನ್ನಾದರೂ ನೋಡಿ. ಈ ಕಡೆ ಲೇಬರ್‌ನವರು, ಆ ಕಡೆ ಕನ್ಸರ್ವೇಟಿವ್‌ನವರು. 2024ರ ಚುನಾವಣೆಯ ಪ್ರಣಾಳಿಕೆಗಳಲ್ಲಿ ಎರಡೂ ಪಕ್ಷಗಳು ವಲಸೆ ಇಳಿಸ್ತೀವಿ ಅಂತಲೇ ಹೇಳಿದ್ದವು. ಹಾಗಾಗಿ ವಾದ ನಡೆಯೋದು ಯಾರು ಎಷ್ಟು ಬೇಗ ಇಳಿಸ್ತಾರೆ ಅನ್ನೋದರ ಮೇಲೆ ಮಾತ್ರ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಬರುವ ವಿದ್ಯಾರ್ಥಿಗಳೂ ಆ ವಲಸೆಯ ಲೆಕ್ಕದಲ್ಲಿ ಇದ್ದಾರೆ. 2024ರ ಜನವರಿಯಿಂದ, ಸಂಶೋಧನೆಯ ಕೋರ್ಸ್‌ಗಳಂಥ ಕೆಲವನ್ನು ಬಿಟ್ಟರೆ, ಇಲ್ಲಿಗೆ ಬರುವ ಮಾಸ್ಟರ್ಸ್ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. ಅದನ್ನು ತಂದದ್ದು ಒಂದು ಪಕ್ಷ, ಉಳಿಸಿಕೊಂಡದ್ದು ಇನ್ನೊಂದು. ಓದಿನ ನಂತರದ ಗ್ರಾಜುಯೇಟ್ ವೀಸಾವನ್ನು ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಸುವ ಪ್ರಸ್ತಾಪ 2025ರ ಮೇ ತಿಂಗಳಲ್ಲಿ ಬಂತು. ಇದರಿಂದ ಬದುಕಿನ ಲೆಕ್ಕಾಚಾರವೇ ಬುಡಮೇಲಾಗುವ ವಿದ್ಯಾರ್ಥಿಯನ್ನು ಆ ಮೇಜಿನ ಮುಂದೆ ನೀವು ಎಷ್ಟು ಸಲ ನೋಡಿದ್ದೀರಿ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಗಾದೆ. ಇಲ್ಲಿ ಗಂಡ ಹೆಂಡಿರಿಗೆ ಹೇಳಿಕೊಳ್ಳುವಂಥ ಜಗಳವೂ ಇಲ್ಲ, ಆದರೂ ಕೂಸು ಬಡವಾಗ್ತಿದೆ.

ಇಂಥ ಚರ್ಚೆಗೆ ಪಕ್ಷಪಾತ ಅನ್ನೋಕೆ ಆಗಲ್ಲ. ಎರಡು ಪಕ್ಷಗಳಿಗೂ ಸಮ ಸಮಯ ಸಿಕ್ಕಿರುತ್ತದೆ. ನಿರೂಪಕರು ಇಬ್ಬರನ್ನೂ ಗಟ್ಟಿಯಾಗೇ ಕೇಳಿರುತ್ತಾರೆ. ತಕ್ಕಡಿ ನೆಟ್ಟಗಿದೆ, ನಮ್ಮನ್ನು ಮಾತ್ರ ತೂಗಿಲ್ಲ. ಬಿಬಿಸಿ ಎಡವೋ ಬಲವೋ ಅಂತ ಕಿತ್ತಾಡುತ್ತಾ ಕೂತರೆ ಈ ಕೊರತೆ ಕಣ್ಣಿಗೇ ಬೀಳಲ್ಲ.

ಹಾಗಂತ ಈ ನಿಯಮವೇ ಬೇಡ ಅನ್ನೋರ ಜೊತೆ ನಾನಿಲ್ಲ. ಎಲ್ಲ ಚಾನೆಲ್‌ಗಳೂ ತಮ್ಮ ಬಣ್ಣ ಬಹಿರಂಗವಾಗಿ ಹಚ್ಚಿಕೊಳ್ಳಲಿ, ನೋಡುಗರೇ ಆರಿಸಿಕೊಳ್ಳಲಿ ಅನ್ನುವ ವಾದ ಇಲ್ಲೂ ಜೋರಾಗ್ತಿದೆ. ರಾಜಕಾರಣಿಗಳೇ ನಿರೂಪಕರಾಗಿ ಕೂತ ಕಾರ್ಯಕ್ರಮಗಳಿಗಾಗಿ 2024ರ ಮಾರ್ಚ್‌ನಲ್ಲಿ ಆಫ್‌ಕಾಮ್ ಜಿಬಿ ನ್ಯೂಸ್ ತಪ್ಪು ಮಾಡಿದೆ ಅಂದಿತ್ತು. ಆ ಪೈಕಿ ಎರಡು ತೀರ್ಮಾನಗಳನ್ನು ಮರುವರ್ಷ ಹೈಕೋರ್ಟ್ ರದ್ದು ಮಾಡಿತು. ಇನ್ನೊಂದು ಕಡೆ ಬಿಬಿಸಿಯ 'ಪನೋರಮಾ' ಟ್ರಂಪ್ ಭಾಷಣದ ಬೇರೆ ಬೇರೆ ಹೊತ್ತಿನ ಮಾತುಗಳನ್ನು ಒಂದೇ ಉಸಿರಿನ ಮಾತೆಂಬಂತೆ ಜೋಡಿಸಿತು. ಆ ಗಲಾಟೆಯಲ್ಲಿ 2025ರ ನವೆಂಬರ್‌ನಲ್ಲಿ ಮಹಾನಿರ್ದೇಶಕ ಟಿಮ್ ಡೇವಿ ಮತ್ತು ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು. ನೋಡಿ, ನಿಷ್ಪಕ್ಷಪಾತ ಅನ್ನೋದೇ ನಾಟಕ ಅನ್ನೋದಕ್ಕೆ ಇದಕ್ಕಿಂತ ಸುಲಭದ ಸಮಯ ಇಲ್ಲ. ಆದರೆ ಊರಿನಲ್ಲಿ ಯಾವ ಚಾನೆಲ್ ಯಾರದು ಅಂತ ತಿಳಿದೇ ರಿಮೋಟ್ ಒತ್ತುವ ಅಭ್ಯಾಸ ನಮಗಿದೆಯಲ್ಲ, ಅದರಿಂದ ನಾವು ಕಂಡ ಲಾಭವೇನು? ಅಪ್ಪ ಒಂದು ಚಾನೆಲ್, ಚಿಕ್ಕಪ್ಪ ಇನ್ನೊಂದು ಚಾನೆಲ್, ಹಬ್ಬದ ಊಟಕ್ಕೆ ಕೂತಾಗ ಇಬ್ಬರ ಹತ್ತಿರವೂ ಬೇರೆ ಬೇರೆ ದೇಶದ ಸುದ್ದಿ. ಇಲ್ಲಿ ಕನಿಷ್ಠ ಪಕ್ಷ ಕೇಳೋಕೆ ಒಂದು ನಿಯಮ ಇದೆ, ತಪ್ಪು ಮಾಡಿದರೆ ದೊಡ್ಡವರೂ ಕುರ್ಚಿ ಬಿಡ್ತಾರೆ.

ಕೇಳಿದರೆ ಕೆಲಸ ಆಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 2019ರಲ್ಲಿ ಅಮೆರಿಕದ ನಾಲ್ವರು ಸಂಸದೆಯರಿಗೆ ನಿಮ್ಮ ದೇಶಕ್ಕೆ ಹಿಂತಿರುಗಿ ಅನ್ನುವ ಅರ್ಥದಲ್ಲಿ ಟ್ರಂಪ್ ಬರೆದಾಗ, ಬಿಬಿಸಿ ನಿರೂಪಕಿ ನಾಗಾ ಮುಂಚೆಟ್ಟಿ ಅಂಥ ಮಾತು ತನಗೂ ಬಿದ್ದಿದೆ, ಅದರ ಬೇರು ಜನಾಂಗದ್ವೇಷದಲ್ಲಿದೆ ಅಂದಿದ್ದರು. ಒಬ್ಬ ವೀಕ್ಷಕರ ದೂರಿನ ಮೇಲೆ ಬಿಬಿಸಿಯ ದೂರು ವಿಭಾಗ ಆಕೆ ನಿಯಮ ಮೀರಿದ್ದಾರೆ ಅಂತ ಭಾಗಶಃ ಒಪ್ಪಿತು. ಜನ ಸುಮ್ಮನಿರಲಿಲ್ಲ. ಕೆಲವೇ ದಿನಗಳಲ್ಲಿ ಆಗಿನ ಮಹಾನಿರ್ದೇಶಕ ಟೋನಿ ಹಾಲ್ ಆ ತೀರ್ಮಾನವನ್ನು ತಿರುಗಿಸಿದರು.

ನಾವಿಲ್ಲಿ ಅತಿಥಿಗಳು, ನಮಗ್ಯಾಕೆ ಬೇಕು ಅಂತೀರಾ? ಕಾಮನ್‌ವೆಲ್ತ್ ದೇಶದ ಪ್ರಜೆಗಳಾಗಿ, ವೀಸಾ ಮೇಲೆ ಇಲ್ಲಿ ವಾಸವಿರುವ ಹದಿನೆಂಟು ದಾಟಿದ ನಮಗೆ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ವೋಟು ಇದೆ. ಹೆಸರು ನೋಂದಾಯಿಸಬೇಕು ಅಷ್ಟೆ. ಮತಗಟ್ಟೆಯಲ್ಲಿ ಗುರುತಿಗೆ ನಮ್ಮ ಭಾರತದ ಪಾಸ್‌ಪೋರ್ಟೇ ಸಾಕು. ಕರ್ನಾಟಕದ ಚುನಾವಣೆಗೆ ವಿಮಾನ ಹತ್ತಿ ಹೋಗದೆ ನಾವು ವೋಟು ಹಾಕೋಕೆ ಆಗಲ್ಲ, ಇಲ್ಲಿ ಪಕ್ಕದ ಬೀದಿಯ ಶಾಲೆಗೆ ನಡೆದುಕೊಂಡು ಹೋಗಬಹುದು. ಹಾಸ್ಟೆಲ್ ಕೋಣೆಯಲ್ಲಿ ಟಿ.ವಿ. ನೇರಪ್ರಸಾರವನ್ನೋ ಐಪ್ಲೇಯರನ್ನೋ ನೋಡಿದರೆ ಸಾಮಾನ್ಯವಾಗಿ ಲೈಸೆನ್ಸ್ ದುಡ್ಡನ್ನೂ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 174.50 ಪೌಂಡ್ ಆಯಿತು. ದುಡ್ಡೂ ಕೊಟ್ಟು ವೋಟೂ ಇಟ್ಟುಕೊಂಡವರು ಅತಿಥಿಗಳು ಹೇಗಾಗ್ತಾರೆ?

ಆದ್ದರಿಂದ ಗೆಳೆಯರೇ, ಮುಂದಿನ ಸಲ ವಿದ್ಯಾರ್ಥಿ ವೀಸಾ ಬಗ್ಗೆ ಒಂದು ಚರ್ಚೆ ಅನ್ಯಾಯ ಅನ್ನಿಸಿದರೆ ಗುಂಪಿನಲ್ಲಿ ಸಿಟ್ಟಿನ ಮುಖ ಕಳಿಸಿ ಸುಮ್ಮನಾಗಬೇಡಿ. ಬಿಬಿಸಿ ಕಾರ್ಯಕ್ರಮವಾದರೆ 30 ಕೆಲಸದ ದಿನಗಳೊಳಗೆ ಮೊದಲು ಬಿಬಿಸಿಗೇ ಬರೆಯಿರಿ, ಉತ್ತರ ಸರಿ ಅನ್ನಿಸದಿದ್ದರೆ ಆಮೇಲೆ ಆಫ್‌ಕಾಮ್‌ಗೆ. ಬೇರೆ ಚಾನೆಲ್ ಆದರೆ 20 ಕೆಲಸದ ದಿನಗಳೊಳಗೆ ನೇರ ಆಫ್‌ಕಾಮ್‌ಗೆ. ನೀವು ಇಂಥ ಪಕ್ಷದ ಪರ ಅಂತ ಬರೆಯಬೇಡಿ, ಆ ಪತ್ರ ಅವರಿಗೆ ದಿನಾ ಬರುತ್ತೆ. ನಿಮ್ಮ ಸಂಹಿತೆಯೇ ಹೇಳುವ ಗಣನೀಯ ಅಭಿಪ್ರಾಯಗಳಲ್ಲಿ ನಮ್ಮದು ಯಾಕಿಲ್ಲ ಅಂತ ಕೇಳಿ. ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು ಹಾಕಿ, ಹತ್ತು ಸಾಲು ಸಾಕು.